ಹಿತ್ತಲ ಜಾಗದ ಎನ್‌ಒಸಿ

ದುಬೈ ಸಿಲಿಕಾನ್ ಓಯಸಿಸ್
೯ ನವೆಂಬರ್ ೨೦೨೪

ನಾಫಿಯಾ,

ಬರೆಯುತ್ತಿರುವುದಕ್ಕೇ ಮೊದಲು ಕ್ಷಮಿಸು. ಸೆಪ್ಟೆಂಬರಿನಲ್ಲಿ ನಾನು ಮಮ್ಮಿಯ ಹತ್ತಿರ ದುಬೈಗೆ ಬಂದಿಳಿದ ಮೇಲೆ ನೀನು ಹದಿನಾಲ್ಕು ಸಲ ಫೋನ್ ಮಾಡಿದ್ದೆ. ನಾನು ಒಂದನ್ನೂ ಎತ್ತಲಿಲ್ಲ. ಆಮೇಲೆ ನೀನು ನನ್ನ ನಂಬರನ್ನೇ ಬ್ಲಾಕ್ ಮಾಡಿದೆ. ಸರಿಯಾಗಿಯೇ ಮಾಡಿದೆ. ಇಲ್ಲಿ ಮನೆಬಾಗಿಲಿಗೆ ಅಂಚೆಯವನು ಬರುವುದಿಲ್ಲವಲ್ಲ, ಅದಕ್ಕೆ ಅಬುಧಾಬಿಯ ನಿನ್ನ ಕ್ಲಿನಿಕ್ಕಿನ ಪೋಸ್ಟ್ ಬಾಕ್ಸ್ ನಂಬರ್ ಹುಡುಕಿ ಬರೆಯುತ್ತಿದ್ದೇನೆ. ರಿಸೆಪ್ಶನ್ನಿನಲ್ಲಿ ಕೂರುವವಳು ನೀನೇ ಆದ್ದರಿಂದ ಬೇರೆ ಯಾರೂ ಒಡೆಯಲಿಕ್ಕಿಲ್ಲ ಅಂತ ಧೈರ್ಯ. ಮಂಗಳೂರಿನ ಹಾಸ್ಟೆಲಿನಲ್ಲಿದ್ದಾಗಲೂ ರಜೆಯಲ್ಲಿ ನಾವು ಹೀಗೇ ಗೆರೆಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದೆವು. ನಿನಗೆ ಕೊಂಕಣಿ ಬಾರದು, ನನಗೆ ಬ್ಯಾರಿ ಬಾರದು, ಇಬ್ಬರ ಇಂಗ್ಲಿಷೂ ಜಗಳಕ್ಕೆ ಸಾಲದು. ಕನ್ನಡವೇ ಗತಿ.

ಗುರುವಾರ ಕ್ಲಾಸಿನಲ್ಲಿ ಒಂದು ವಿಷಯ ಕೇಳಿದೆ. ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ.

ನಮ್ಮದು ಇಂಗ್ಲೆಂಡಿನ ಯೂನಿವರ್ಸಿಟಿಯೊಂದರ ದುಬೈ ಶಾಖೆ. ಹಾಗಾಗಿ ಮರಳಿನ ನಡುವೆ ಕೂತು ಇಂಗ್ಲೆಂಡಿನ ಮಣ್ಣಿನ ಕಾನೂನು ಓದುತ್ತೇವೆ. ಮೇಡಂ ಬೋರ್ಡಿನ ಮೇಲೆ ಒಂದು ಚೌಕ ಬರೆದು ಲಂಡನ್ನಿನ ಒಂದು ತೋಟದ ಕಥೆ ಹೇಳಿದರು. ಇನ್ನೂರು ವರ್ಷಕ್ಕೂ ಹಿಂದೆ ಒಬ್ಬ ತನ್ನ ಮನೆಗಳ ನಡುವಿನ ತೋಟವನ್ನು ಮಾರುವಾಗ, ಇದರಲ್ಲಿ ಕಟ್ಟಡ ಎಬ್ಬಿಸಬಾರದು, ತೋಟವಾಗಿಯೇ ಇರಬೇಕು ಎಂದು ಬರೆಸಿಕೊಂಡನಂತೆ. ತೋಟ ಕೈಯಿಂದ ಕೈಗೆ ಹೋಯಿತು. ಕೊನೆಗೆ ಕೊಂಡವನು, ನಾನು ಯಾರಿಗೂ ಮಾತು ಕೊಟ್ಟಿಲ್ಲ, ನನ್ನ ಜಾಗದಲ್ಲಿ ನಾನು ಕಟ್ಟುತ್ತೇನೆ ಅಂದ. ೧೮೪೮ರಲ್ಲಿ ಕೋರ್ಟು ಆಗುವುದಿಲ್ಲ ಅಂದಿತು. ಮಾತು ಕೊಟ್ಟವನು ನೀನಲ್ಲ, ನಿಜ. ಆದರೆ ಆ ಮಾತು ಇದೆಯೆಂದು ತಿಳಿದೇ ಕೊಂಡಿದ್ದೀಯ. ಅದಕ್ಕಾಗಿಯೇ ನಿನಗೆ ಅಗ್ಗಕ್ಕೆ ಸಿಕ್ಕಿದೆ. ಈಗ ಅದನ್ನು ಕೊಡವಿಕೊಳ್ಳುವುದು ನ್ಯಾಯವಲ್ಲ ಎಂದು.

ಬೇಲಿ ಸರಿಮಾಡುತ್ತೇನೆ, ಗೋಡೆಗೆ ಬಣ್ಣ ಹೊಡೆಸುತ್ತೇನೆ ಎಂಬಂಥ ಮಾತು ಮುಂದಿನ ಒಡೆಯನನ್ನು ಸಾಮಾನ್ಯವಾಗಿ ಕಟ್ಟುವುದಿಲ್ಲವಂತೆ. ಮುಂದಿನವನನ್ನೂ ಕಟ್ಟಿಹಾಕುವುದು, ಇಂಥದ್ದನ್ನು ಮಾಡುವುದಿಲ್ಲ ಎಂಬ ಮಾತು. ಮೇಡಂ ಮೊದಲ ಚೌಕದ ಪಕ್ಕ ಇನ್ನೊಂದು ಚೌಕ ಬರೆದರು, ನಡುವೆ ಬಾಣ ಎಳೆದರು. "ಮಾತು ಇರುವುದು ಈ ಎರಡು ಜಾಗಗಳ ನಡುವೆ. ಮನುಷ್ಯರು ಬರುತ್ತಾರೆ, ಹೋಗುತ್ತಾರೆ" ಅಂದರು. ಎಲ್ಲರೂ ಬರೆದುಕೊಂಡರು. ನಾನೂ ಬರೆದುಕೊಂಡೆ. ಎರಡನೆಯ ಚೌಕ ಇಂಗ್ಲೆಂಡಿನಲ್ಲಿರುವ ನನ್ನ ಗ್ರ್ಯಾನಿಯ ಮನೆ. ಮೊದಲನೆಯದು ಅದರ ಹಿತ್ತಲ ಬೇಲಿಯಾಚೆ ನಿನ್ನ ಉಪ್ಪ ಜುಲೈಯಲ್ಲಿ ಹರಾಜಿನಲ್ಲಿ ಹಿಡಿದ ಜಾಗ.

ಜೂನಿನಲ್ಲಿ ಗ್ರ್ಯಾನಿಯ ಮನೆಗೆ ಹೋಗಿದ್ದಾಗ ಆ ಜಾಗದ ಹರಾಜಿನ ಬೋರ್ಡು ಕಂಡು ನಿನಗೆ ಹೇಳಿದವಳು ನಾನೇ. ನಿನ್ನ ಅಣ್ಣ ರಾಝಿಕ್ ನರ್ಸ್ ಆಗಿರುವ ಆಸ್ಪತ್ರೆ ಅಲ್ಲಿಂದ ಬಸ್ಸಿನಲ್ಲಿ ಇಪ್ಪತ್ತೇ ನಿಮಿಷ ಎಂದು ಉತ್ಸಾಹದಲ್ಲಿ ಹೇಳಿದೆ. ಇಷ್ಟು ಅಗ್ಗ ಯಾಕೆ ಅಂತ ಇಬ್ಬರೂ ಯೋಚಿಸಲಿಲ್ಲ.

ಅಲ್ಲಿ ಅಗೆಯುವ ಕೆಲಸ ಶುರುವಾಗಿದೆಯಾ? ಆಗಿರದಿದ್ದರೆ ತಡೆಯಲಿಕ್ಕೆ ಹೇಳು. ಯಾಕೆ ಅಂತ ಈಗಲೇ ಕೇಳಬೇಡ.

ನಿನ್ನ
ಸ್ಟೇಸಿ

*

ಮುಸಫ್ಫಾ, ಅಬುಧಾಬಿ
೨೧ ನವೆಂಬರ್ ೨೦೨೪

ಸ್ಟೇಸಿ,

ವಕೀಲಮ್ಮನವರೇ, ಕ್ಲಿನಿಕ್ಕಿಗೆ ಬಂದ ಕಾಗದವನ್ನೆಲ್ಲ ಒಡೆಯುವುದು ನಮ್ಮ ಮಲಯಾಳಿ ಡಾಕ್ಟರು. ನಿನ್ನ ಮೂರು ಹಾಳೆ ಕನ್ನಡವನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಯಾವ ಪೇಷಂಟಿನ ರಿಪೋರ್ಟು ಅಂತ ಎಲ್ಲರೆದುರು ಕೇಳಿದರು. ಇನ್ನು ಮುಂದೆ ಕವರಿನ ಮೇಲೆ ನನ್ನ ಹೆಸರು ದೊಡ್ಡದಾಗಿ ಬರಿ. ಬರೆಯುವುದಿದ್ದರೆ.

ಆರು ವರ್ಷ ಒಂದೇ ರೂಮಿನಲ್ಲಿ ಮಲಗಿದವಳು ದುಬೈಗೆ ಬಂದು ಫೋನ್ ಎತ್ತಲಿಲ್ಲ. ಇಂಗ್ಲೆಂಡಿನ ಅಜ್ಜಿಯ ಮನೆಗೆ ಹೋಗಿ ಬಂದದ್ದೇ ದೊರೆಸಾನಿ ಆದಳು ಅಂತ ನಾನು ಉಮ್ಮನ ಹತ್ತಿರ ಹೇಳಿದೆ. ಹೇಳಿದ್ದಕ್ಕೆ ಬೇಜಾರೇನೂ ಇಲ್ಲ.

ಅಗೆಯುವುದು ಶುರುವಾಗಿಲ್ಲ. ಅಲ್ಲಿನ ಕೌನ್ಸಿಲಿನ ಅನುಮತಿಗೆ ಹಾಕಿದ್ದೇವೆ. ಆದರೆ ತಡೆಯುವುದು ಎಂತಕ್ಕೆ? ೧೯೬೯ರ ಆ ಷರತ್ತು ಹರಾಜಿನ ಕಾಗದದಲ್ಲೇ ಇತ್ತು. ನಿನ್ನ ಗ್ರ್ಯಾನಿ ಮತ್ತು ಅವರ ಗಂಡ ಹಿತ್ತಲ ಅರ್ಧ ಮಾರುವಾಗ, ಕೊಂಡವರಾಗಲೀ ಅವರ ಮುಂದಿನವರಾಗಲೀ ಇಲ್ಲಿ ಏನೂ ಕಟ್ಟಕೂಡದು ಅಂತ ಬರೆಸಿದ್ದು. ಅಣ್ಣ ಅದನ್ನು ಓದಿ ಬೇಡವೇ ಬೇಡ ಅಂದಿದ್ದ. ಉಪ್ಪ ಏನು ಹೇಳಿದರು ಗೊತ್ತುಂಟಲ್ಲ? ಪಕ್ಕದ ಮನೆಯವರಿಂದ ಆಕ್ಷೇಪವಿಲ್ಲ ಅಂತ ಒಂದು ಎನ್‌ಒಸಿ ತಂದರೆ ಖಲಾಸ್. ಮೂವತ್ತೊಂದು ವರ್ಷ ದುಬೈಯ ಸತ್ವಾದಲ್ಲಿ ಟೈಲರ್ ಅಂಗಡಿ ನಡೆಸಿದ ಮನುಷ್ಯ. ಬೋರ್ಡು ಬದಲಿಸಲಿಕ್ಕೆ ಎನ್‌ಒಸಿ, ಎಸಿ ಹೊರಗೆ ಕೂರಿಸಲಿಕ್ಕೆ ಎನ್‌ಒಸಿ, ಹೊಲಿಯುವವನು ಬೇರೆ ಅಂಗಡಿಗೆ ಹೋಗಲಿಕ್ಕೆ ಎನ್‌ಒಸಿ. ಅದನ್ನು ನಿನ್ನ ಹತ್ತಿರ ಕೇಳಿದ್ದು, ನೀನು ಗ್ರ್ಯಾನಿಯ ಸಹಿ ಹಾಕಿಸಿ ಕಳಿಸಿದ್ದು. ಅದು ಕೈಗೆ ಬಂದ ಮೇಲೆಯೇ ಉಪ್ಪ ತೊಕ್ಕೊಟ್ಟಿನ ಜಾಗ ಮಾರಿದ್ದು. ನಮಗೆ ಊರಲ್ಲಿ ಇದ್ದದ್ದು ಅದೊಂದೇ ಜಾಗ ಅಂತ ನಿನಗೆ ಗೊತ್ತು.

ಎನ್‌ಒಸಿ ಈಗ ಅಂಗಡಿಯ ಗೋಡೆಯಲ್ಲಿದೆ, ಪ್ಲಾಸ್ಟಿಕ್ ಕವರಿನಲ್ಲಿ, ಲೈಸನ್ಸಿನ ಪಕ್ಕ. ಉಮ್ಮ ಆಗಲೇ ಅಡುಗೆಮನೆಯ ಕಿಟಕಿ ಯಾವ ದಿಕ್ಕಿಗೆ ಅಂತ ಅಣ್ಣನ ಹೆಂಡತಿಯ ಹತ್ತಿರ ಫೋನಿನಲ್ಲೇ ಜಗಳ ಶುರುಮಾಡಿದ್ದಾರೆ.

ಈಗ ಹೇಳು, ಯಾಕೆ ತಡೆಯಬೇಕು?

ನಾಫಿಯಾ

*

ದುಬೈ ಸಿಲಿಕಾನ್ ಓಯಸಿಸ್
೨೪ ನವೆಂಬರ್ ೨೦೨೪

ನಾಫಿಯಾ,

ಆ ಸಹಿ ಗ್ರ್ಯಾನಿಯದಲ್ಲ. ನನ್ನದು.

ಈ ಸಾಲನ್ನು ನಾಲ್ಕು ಹಾಳೆಯಲ್ಲಿ ಬರೆದು ಹರಿದಿದ್ದೇನೆ. ಇದು ಐದನೆಯದು.

ಡ್ಯಾಡಿ ತೀರಿಹೋಗಿ ಹನ್ನೊಂದು ವರ್ಷವಾಯಿತು. ಆಮೇಲೆ ಮಮ್ಮಿಗೂ ಗ್ರ್ಯಾನಿಗೂ ಮಾತಿಲ್ಲ. ಈ ಜೂನಿನದು ಗ್ರ್ಯಾನಿಯ ಮನೆಗೆ ನಾನು ಹೋದ ಮೂರನೇ ಸಲ, ಒಬ್ಬಳೇ ಹೋದದ್ದು ಮೊದಲ ಸಲ. ನನ್ನ ಮೂಗು ಡ್ಯಾಡಿಯದೇ ಅಂತ ಅವರು ದಿನಕ್ಕೆರಡು ಸಲ ಹೇಳುತ್ತಿದ್ದರು. ನನಗೆ ಅದು ಎಷ್ಟು ಬೇಕಾಗಿತ್ತು ಅಂತ ನಿನಗೆ ಹೇಗೆ ಹೇಳಲಿ. ಹಾಸ್ಟೆಲಿನಲ್ಲಿ ಎಲ್ಲರಿಗೂ ನಾನು ಅರ್ಧ ಇಂಗ್ಲಿಷಿನವಳು. ಅಲ್ಲಿ ಮೊದಲ ಸಲ ಯಾರೋ ನನ್ನನ್ನು ಪೂರ್ತಿ ತಮ್ಮವಳು ಅಂದರು. ಎರಡನೆಯ ವಾರದಲ್ಲಿ ಒಂದು ದಿನ ಟೀ ಕುಡಿಯುವಾಗ ಅವರು ಪಕ್ಕದ ಬೀದಿಯ ಯಾರದೋ ಸುದ್ದಿ ಹೇಳುತ್ತಾ, "ಮುದುಕರನ್ನು ನೋಡಲಿಕ್ಕೆ ಜನ ಬರುವುದು ಸಹಿ ಬೇಕಾದಾಗ" ಅಂದರು. ಅದೇ ಸಂಜೆ ನಿನ್ನ ಮೆಸೇಜು ಬಂತು, ಎನ್‌ಒಸಿ ಬೇಕು, ಹರಾಜು ಮಂಗಳವಾರ ಅಂತ.

ಕೇಳಲಿಕ್ಕೆ ನನ್ನಿಂದ ಆಗಲಿಲ್ಲ. ಇಲ್ಲ ಅಂತ ನಿನಗೆ ಹೇಳಲಿಕ್ಕೂ ಆಗಲಿಲ್ಲ. ಮರುದಿನ ಪೇಟೆಯ ಲೈಬ್ರರಿಯಲ್ಲಿ ಟೈಪ್ ಮಾಡಿ, ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತು ಸಹಿ ಹಾಕಿದೆ. ಅವರು ಕಳಿಸಿದ ಬರ್ತ್‌ಡೇ ಕಾರ್ಡುಗಳೆಲ್ಲ ನನ್ನ ಹತ್ತಿರ ಇವೆ. ಸಹಿ ನನಗೆ ಬಾಯಿಪಾಠ.

ನನಗೆ ಅದು ತಪ್ಪು ಅಂತ ಅನಿಸಲೇ ಇಲ್ಲ. ಹೆದರಿಕೆ ನನಗಾದದ್ದು ಅದರಿಂದಲೇ. ನಮ್ಮ ಹಾಸ್ಟೆಲಿನಲ್ಲಿ ಗಲ್ಫಿನ ಅಪ್ಪಂದಿರು ವರ್ಷದ ಶುರುವಿಗೆ ಸಹಿ ಹಾಕಿದ ಔಟಿಂಗ್ ಚೀಟಿಗಳ ಕಟ್ಟು ಕಳಿಸುತ್ತಿದ್ದರಲ್ಲ. ಕಟ್ಟು ಮುಗಿದಾಗ ಎಲ್ಲರೂ ಬರುತ್ತಿದ್ದದ್ದು ನನ್ನ ಹತ್ತಿರ. ಹನ್ನೆರಡು ಅಪ್ಪಂದಿರ ಸಹಿ ನನ್ನ ಕೈಯಲ್ಲಿತ್ತು. ನಿನ್ನ ಉಪ್ಪನದೂ. ಜನವರಿಯಲ್ಲಿ ವಾರ್ಡನ್ ಮೆಟಿಲ್ಡಾ ಬಾಯಿ ನಿನ್ನ ಚೀಟಿ ಹಿಡಿದು ಯಾರು ಬರೆದದ್ದು ಅಂತ ಕೇಳಿದಾಗ ನೀನು ನನ್ನ ಹೆಸರು ಹೇಳಲಿಲ್ಲ. ಒಂದು ತಿಂಗಳು ಭಾನುವಾರ ಹೊರಗೆ ಹೋಗಲಿಲ್ಲ. ನಾನು ಬಾಯಿ ಬಿಡಲಿಲ್ಲ. ಜೂನಿನಲ್ಲಿ ನೀನು ಒಂದು ಕಾಗದ ಕೇಳಿದಾಗ, ಅದನ್ನೂ ಮತ್ತೊಂದು ಚೀಟಿ ಅಂದುಕೊಂಡೆ. ನೀವು ಜಾಗ ಕೊಂಡೇಬಿಟ್ಟಿರಿ ಅಂತ ತಿಳಿದ ಮೇಲೆ ನಿನ್ನ ಫೋನ್ ಎತ್ತಲಿಕ್ಕೆ ಭಯವಾಯಿತು.

ಅದು ಚೀಟಿಯಲ್ಲ, ನಾಫಿಯಾ. ಆ ಷರತ್ತನ್ನು ಬಿಟ್ಟುಕೊಡುವ ಹಕ್ಕು ಇರುವುದು ಗ್ರ್ಯಾನಿಯ ಮನೆಯ ಒಡೆಯರಿಗೆ ಮಾತ್ರ. ಅದನ್ನೂ ಸಾಕ್ಷಿಯೆದುರು ಸರಿಯಾದ ಪತ್ರ ಮಾಡಿಸಿ ಕೊಡಬೇಕು. ಕೌನ್ಸಿಲು ಅನುಮತಿ ಕೊಟ್ಟರೂ ಷರತ್ತು ಅಳಿಯುವುದಿಲ್ಲ, ಎರಡೂ ಬೇರೆ ಬೇರೆ. ಕಟ್ಟಲಿಕ್ಕೆ ಹೊರಟರೆ ಕೋರ್ಟು ನಿಲ್ಲಿಸಬಹುದು. ಕಟ್ಟಿದ್ದನ್ನು ಕೆಡವಿಸಲೂಬಹುದು. ನಿನ್ನ ಉಪ್ಪನ ಗೋಡೆಯಲ್ಲಿರುವುದು ಬರೀ ಕಾಗದ.

ಬೈದು ಬರಿ. ಬರೆಯದೆ ಇರಬೇಡ.

ಸ್ಟೇಸಿ

*

ಮುಸಫ್ಫಾ
೨ ಡಿಸೆಂಬರ್ ೨೦೨೪

ಸ್ಟೇಸಿ,

ಇವತ್ತು ನ್ಯಾಷನಲ್ ಡೇ ರಜೆ. ಹೊರಗೆ ಕಾರುಗಳೆಲ್ಲ ಬಾವುಟ ಕಟ್ಟಿಕೊಂಡು ಹಾರನ್ ಬಾರಿಸುತ್ತಿವೆ. ನಾನು ಮಾಮಿಯ ಮನೆಯ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಇಲ್ಲಿ ಒಬ್ಬಳೇ ಕೂರಲಿಕ್ಕೆ ಬೇರೆ ಜಾಗ ಇಲ್ಲ.

ನಿನ್ನ ಪತ್ರ ಓದಿದ ದಿನ ರಿಜಿಸ್ಟರಿನಲ್ಲಿ ಒಬ್ಬ ಮುದುಕನ ಹೆಸರನ್ನು ಮೂರು ಸಲ ತಪ್ಪು ಬರೆದೆ. ಬೈಯಲಿಕ್ಕೆ ಹೇಳಿದ್ದೀ. ಕೇಳು ಮಾರಾಯ್ತಿ. ಒಂದು ತಿಂಗಳ ಭಾನುವಾರಗಳನ್ನು ನಾನು ನಿನಗೆ ಸುಮ್ಮನೆ ಕೊಟ್ಟದ್ದು. ಸಾಲ ಅಂತ ಕೊಟ್ಟದ್ದಲ್ಲ. ಅದನ್ನು ನೀನು ಹೀಗೆ ತೀರಿಸುತ್ತೀ ಅಂತ ಗೊತ್ತಿದ್ದರೆ ಮೆಟಿಲ್ಡಾ ಬಾಯಿಗೆ ಅವತ್ತೇ ನಿನ್ನ ಹೆಸರು ಹೇಳುತ್ತಿದ್ದೆ.

ಉಪ್ಪನಿಗೆ ಈಗ ಹೇಳಬೇಡ. ಹೇಳಿ ಏನು ಕೊಡುತ್ತೀ ಅವರ ಕೈಗೆ? ಮೊದಲು ನಿನ್ನ ಗ್ರ್ಯಾನಿಗೆ ಹೇಳು. ಅವರು ನಿಜವಾಗಿ ಸಹಿ ಹಾಕಿದರೆ ಉಪ್ಪನಿಗೆ ಗೊತ್ತಾಗುವ ಅಗತ್ಯವೇ ಇಲ್ಲ. ಹಾಕದಿದ್ದರೆ ಆಮೇಲೆ ನೋಡುವ. ಕ್ರಿಸ್ಮಸ್‌ಗೆ ಹೇಗೂ ಫೋನ್ ಮಾಡುತ್ತೀಯಲ್ಲ. ಅವತ್ತೇ ಹೇಳು. ಹೊಸವರ್ಷದ ಒಳಗೆ ನನಗೆ ಉತ್ತರ ಬೇಕು.

ನಾಫಿಯಾ

*

ಸತ್ವಾ, ದುಬೈ
೧೦ ಜನವರಿ ೨೦೨೫

ಪ್ರೀತಿಯ ಮಗಳು ಸ್ಟೇಸಿಗೆ, ಶಾಹುಲ್ ಹಮೀದ್ ಮಾಡುವ ಸಲಾಂ.

ನಾವು ಇಲ್ಲಿ ಕ್ಷೇಮ. ನಿನ್ನ ಅಡ್ರೆಸ್ಸನ್ನು ನಾಫಿಯಾಳ ಚೀಲದಲ್ಲಿದ್ದ ಕವರಿನಿಂದ ತೆಗೆದುಕೊಂಡೆ. ಒಳಗಿನ ಕಾಗದ ಓದಲಿಲ್ಲ. ನಿಮ್ಮ ಜಗಳ ಮುಗಿದು ಪತ್ರ ಶುರುವಾದದ್ದು ನೋಡಿ ಸಂತೋಷವಾಯಿತು. ನಾನು ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದು.

ಕೌನ್ಸಿಲಿನ ಅನುಮತಿ ಸಿಕ್ಕಿತು. ಈದ್ ಕಳೆದ ಮೇಲೆ ಕೆಲಸ ಶುರು. ಇದೆಲ್ಲ ಆದದ್ದು ನಿನ್ನ ಅಜ್ಜಿಯಿಂದ. ಮುಖ ನೋಡದ ಮನುಷ್ಯನಿಗೆ ಅವರು ಎನ್‌ಒಸಿ ಕೊಟ್ಟರು. ಇಲ್ಲಿ ಗುರುತಿನವರ ಹತ್ತಿರವೇ ಮೂರು ಸಲ ಅಲೆಯಬೇಕು. ಅವರಿಗೆ ಒಂದು ಕೋಟು ಹೊಲಿದು ಕಳಿಸಬೇಕೆಂದು ಆಸೆ. ನೀಲಿ ಉಣ್ಣೆ ಬಟ್ಟೆ ತೆಗೆದಿಟ್ಟಿದ್ದೇನೆ. ಭುಜದ ಅಳತೆ, ತೋಳಿನ ಉದ್ದ ಬೇಕು. ಬೆನ್ನು ಸ್ವಲ್ಪ ಬಾಗಿದ್ದರೆ ಅದನ್ನೂ ಬರಿ, ಹಿಂದಿನ ತುಂಡನ್ನು ಉದ್ದ ಬಿಡಬೇಕಾಗುತ್ತದೆ.

ಇನ್ನೊಂದು ಮಾತು. ಹೋದ ವರ್ಷ ನಿಮ್ಮ ವಾರ್ಡನ್ ಅಮ್ಮ ನನಗೆ ಒಂದು ಚೀಟಿಯ ಫೋಟೋ ಕಳಿಸಿ, ಈ ಸಹಿ ನಿಮ್ಮದಾ ಅಂತ ಫೋನಿನಲ್ಲಿ ಕೇಳಿದ್ದರು. ನನ್ನದು ಅಂದೆ, ಆದರೂ ಅವರು ನಂಬಿದ ಹಾಗೆ ಕಾಣಲಿಲ್ಲ. ನನ್ನದಲ್ಲ ಅಂತ ನೋಡಿದ ಕೂಡಲೇ ಗೊತ್ತಾಗಿತ್ತು. ನಾನು ಸಹಿಯ ಕೊನೆಯಲ್ಲಿ ಪೆನ್ನು ಎತ್ತುವುದಿಲ್ಲ, ಎಳೆದುಬಿಡುತ್ತೇನೆ. ಬರೆದ ಹುಡುಗಿ ಎತ್ತಿದ್ದಳು. ನಾಫಿಯಾಳ ಕೈ ಅಷ್ಟು ಚಂದ ಇಲ್ಲ. ಮತ್ತೆ ಯಾರ ಕೈ ಅಂತ ನಾನು ಕೇಳಲಿಲ್ಲ. ಮಕ್ಕಳು ಭಾನುವಾರ ಐಸ್‌ಕ್ರೀಮ್ ತಿನ್ನಲಿಕ್ಕೆ ಹೋಗಿದ್ದಾರೆ, ಅದಕ್ಕೆ ಹೆಸರು ಕೆಡಿಸುವುದೆಂತಕ್ಕೆ. ಇನ್ನು ನೀನು ವಕೀಲಳಾಗುವವಳು, ಅದೆಲ್ಲ ಬಿಟ್ಟಿರುತ್ತೀ ಅಂತ ನಗೆಗೆ ಬರೆದೆ. ಬೇಜಾರು ಮಾಡಬೇಡ.

ಅಳತೆ ಬೇಗ ಕಳಿಸು. ರಂಝಾನ್ ಶುರುವಾದರೆ ನನಗೆ ಕೈ ಬಿಡುವಿರುವುದಿಲ್ಲ.

ಇತಿ,
ಶಾಹುಲ್ ಹಮೀದ್

*

ದುಬೈ ಸಿಲಿಕಾನ್ ಓಯಸಿಸ್
೧೯ ಜನವರಿ ೨೦೨೫

ನಾಫಿಯಾ,

ಹೊಸವರ್ಷ ದಾಟಿ ಹತ್ತೊಂಬತ್ತು ದಿನ. ನಿನ್ನ ಎರಡು ಸಾಲಿನ ಚೀಟಿಯೂ ಬಂತು. ಹೇಳಿದೆಯಾ, ಇಲ್ಲವಾ ಅಂತ.

ಇಲ್ಲ.

ಕ್ರಿಸ್ಮಸ್ ದಿನ ಫೋನ್ ಮಾಡಿದೆ. ಗ್ರ್ಯಾನಿ ಅಡುಗೆಮನೆಯಲ್ಲಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡಿದ್ದರು. ಬಿದ್ದದ್ದನ್ನು ನಗುತ್ತಾ ಹೇಳಿದರು. ಈಸ್ಟರ್‌ಗೆ ಬಾ, ನಿನ್ನ ಹತ್ತಿರ ಒಂದು ಮುಖ್ಯ ವಿಷಯ ಮಾತಾಡಲಿಕ್ಕಿದೆ ಅಂದರು. ನನಗೂ ಒಂದು ಹೇಳಲಿಕ್ಕಿದೆ ಅಂತ ಬಾಯಿಗೆ ಬಂದಿತ್ತು. ಆಮೇಲೆ ಮೂಗಿನ ಮಾತು ಬಂತು. ಫೋನ್ ಇಟ್ಟೆ. ಅವತ್ತಿನಿಂದ ಮತ್ತೆ ಮಾಡಿಲ್ಲ.

ನಿನ್ನ ಉಪ್ಪ ನನಗೆ ಪತ್ರ ಬರೆದಿದ್ದಾರೆ. ನಿನಗೆ ಗೊತ್ತಿರಲಿಕ್ಕಿಲ್ಲ. ಗ್ರ್ಯಾನಿಗೆ ಕೋಟು ಹೊಲಿಯುತ್ತಾರಂತೆ. ಆ ಹಾಸ್ಟೆಲಿನ ಚೀಟಿ ತನ್ನ ಸಹಿಯಲ್ಲ ಅಂತ ಅವರಿಗೆ ಮೊದಲಿನಿಂದಲೂ ಗೊತ್ತಂತೆ ನಾಫಿಯಾ. ನನ್ನದೇ ಅಂತಲೂ ಗೊತ್ತು. ಗೊತ್ತಿದ್ದೂ ತನ್ನದು ಅಂದರಂತೆ. ಓದಿ ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಡ್ಯೂಟಿಗೆ ಹೊರಟಿದ್ದ ಮಮ್ಮಿ ಜ್ವರವಾ ಅಂತ ಹಣೆ ಮುಟ್ಟಿ ನೋಡಿದರು.

ಅವತ್ತೇ ಹೇಳಿಬಿಡಬೇಕಿತ್ತು, ನಿನ್ನ ಉಪ್ಪನಿಗೆ. ನಾನು ಏನು ಮಾಡಿದೆ ಗೊತ್ತಾ? ಜೂನಿನಲ್ಲಿ ಗ್ರ್ಯಾನಿ ನನಗೆ ಕೊಟ್ಟ ಅವರದೇ ಹಳೆಯ ಸ್ವೆಟರನ್ನು ಹಾಸಿಗೆಯ ಮೇಲೆ ಹಾಸಿ ಟೇಪಿನಲ್ಲಿ ಅಳೆದೆ. ಭುಜ ಹದಿನಾಲ್ಕೂವರೆ, ತೋಳು ಇಪ್ಪತ್ತೆರಡು, ಬೆನ್ನು ಸ್ವಲ್ಪ ಬಾಗಿದೆ. ಬರೆದು ಕಳಿಸಿದೆ.

ಈಸ್ಟರ್‌ಗೆ ಎದುರು ಕೂತು ಹೇಳುತ್ತೇನೆ. ಆಣೆ.

ಸ್ಟೇಸಿ

*

ದುಬೈ ಸಿಲಿಕಾನ್ ಓಯಸಿಸ್
೩ ಮಾರ್ಚ್ ೨೦೨೫

ನಾಫಿಯಾ,

ಆರು ವಾರ ನೀನು ಬರೆಯಲಿಲ್ಲ. ಈಸ್ಟರಿನ ತನಕ ಕಾಯಲಿಕ್ಕೆ ಇನ್ನು ಏನೂ ಉಳಿದಿಲ್ಲ. ಇವತ್ತು ಮಮ್ಮಿಯ ಆಸ್ಪತ್ರೆಯ ಪೋಸ್ಟ್ ಬಾಕ್ಸಿಗೆ ಗ್ರ್ಯಾನಿಯ ಪತ್ರ ಬಂತು. ನಿನಗೆ ಕನ್ನಡದಲ್ಲಿ ಬರೆಯುತ್ತೇನೆ, ಒಂದು ಮಾತೂ ಬಿಡದೆ.

"ಪ್ರೀತಿಯ ಸ್ಟೇಸಿ, ಹೋದ ಭಾನುವಾರ ರಾಝಿಕ್ ಎಂಬ ಒಳ್ಳೆಯ ಹುಡುಗ ನನ್ನನ್ನು ಹುಡುಕಿಕೊಂಡು ಬಂದ. ಅವನ ತಂದೆ ಹೊಲಿದ ಕೋಟು ಕೊಟ್ಟ. ಎಪ್ಪತ್ತೊಂಬತ್ತು ವರ್ಷದಲ್ಲಿ ಇಷ್ಟು ಸರಿಯಾಗಿ ಕೂತ ಬಟ್ಟೆ ನನಗೆ ಸಿಕ್ಕಿರಲಿಲ್ಲ. ಆ ಮನುಷ್ಯನಿಗೆ ನನ್ನ ಭುಜ ಹೇಗೆ ಗೊತ್ತು ಅಂತ ಕೇಳಿದೆ. ನೀನು ಅಂದ. ಹಿತ್ತಲ ಜಾಗಕ್ಕೆ ನಾನು ಕೊಟ್ಟ ಒಪ್ಪಿಗೆಗೆ ಥ್ಯಾಂಕ್ಸ್ ಅಂದ. ನಾನು ಯಾವ ಒಪ್ಪಿಗೆಯನ್ನೂ ಕೊಟ್ಟಿರಲಿಲ್ಲ. ಅವನು ಫೋನಿನಲ್ಲಿ ಕಾಗದ ತೋರಿಸಿದ. ನನ್ನ ಸಹಿ ನನಗಿಂತ ಚೆನ್ನಾಗಿ ಹಾಕಿದ್ದೀ. ಹುಡುಗನ ಎದುರು ನಾನು ಏನೂ ಹೇಳಲಿಲ್ಲ. ಟೀ ಕೊಟ್ಟು ಕಳಿಸಿದೆ.

"ನೀನು ಕೇಳಿದ್ದರೆ ನಾನು ಸಹಿ ಹಾಕುತ್ತಿದ್ದೆ. ಆ ಷರತ್ತು ನಿನ್ನ ತಾತನ ಹಟ. ಅಲ್ಲಿ ಅವರು ಬಟಾಣಿ ಬೆಳೆಯುತ್ತಿದ್ದರು. ಅವರು ಹೋದ ಮೇಲೆ ನನಗೆ ಅಲ್ಲಿ ಮಕ್ಕಳು ಓಡಾಡುವ ಮನೆ ಬಂದರೆ ಚೆನ್ನ ಅಂತಲೇ ಇತ್ತು. ಆದರೆ ಈಗ ಅದು ನನ್ನ ಕೈಯಲ್ಲಿಲ್ಲ. ಫೆಬ್ರವರಿ ಹದಿನಾಲ್ಕಕ್ಕೆ ಮನೆ ಮಾರಿಯಾಯಿತು. ಬಿದ್ದ ಮೇಲೆ ಮೆಟ್ಟಿಲು ಹತ್ತಲಿಕ್ಕೆ ಭಯವಾಗುತ್ತಿತ್ತು. ಈಸ್ಟರ್‌ಗೆ ನಿನಗೆ ಹೇಳಬೇಕೆಂದಿದ್ದದ್ದು ಅದನ್ನೇ. ಕೊಂಡವರು ರಿಟೈರಾದ ಗಂಡಹೆಂಡತಿ. ಹಿತ್ತಲಾಚೆ ಯಾರೂ ಎಂದಿಗೂ ಕಟ್ಟುವ ಹಾಗಿಲ್ಲ ಎಂದು ತಿಳಿದೇ ಕೊಂಡದ್ದಂತೆ. ಕಿಟಕಿಯಿಂದ ಸಮುದ್ರ ಕಾಣುತ್ತದಲ್ಲ. ಬ್ರೆಂಡಾ."

ಅಷ್ಟೇ. ನಿನ್ನ ಗ್ರ್ಯಾನಿ ಅಂತ ಬರೆಯಲಿಲ್ಲ. ಬ್ರೆಂಡಾ.

ನಾಫಿಯಾ, ನವೆಂಬರಿನ ನೋಟ್ಸ್ ತೆಗೆದು ನೋಡಿದೆ. ನನ್ನದೇ ಅಕ್ಷರದಲ್ಲಿದೆ. ಮಾತು ಎರಡು ಜಾಗಗಳ ನಡುವೆ, ಮನುಷ್ಯರು ಬರುತ್ತಾರೆ, ಹೋಗುತ್ತಾರೆ. ನಾನು ಒಂದೇ ಚೌಕ ನೋಡಿದ್ದೆ. ನಿನ್ನ ಉಪ್ಪನ ಚೌಕಕ್ಕೆ ಹೊಸ ಒಡೆಯರು ಬಂದರೂ ಹೊರೆ ಹಾಗೇ ಇರುತ್ತದೆ ಅಂತ ಹೆದರಿದೆ. ಗ್ರ್ಯಾನಿಯ ಚೌಕಕ್ಕೂ ಹೊಸಬರು ಬರಬಹುದು, ಬಂದರೆ ಬೇಡ ಅನ್ನುವ ಹಕ್ಕು ಅವರ ಕೈಗೆ ಹೋಗುತ್ತದೆ ಅಂತ ಹೊಳೆಯಲೇ ಇಲ್ಲ. ಪರೀಕ್ಷೆಯಲ್ಲಿ ಇದಕ್ಕೆ ನನಗೆ ಎಪ್ಪತ್ತೆರಡು ಮಾರ್ಕು ಬಂತು.

ನವೆಂಬರಿನಲ್ಲಿ ಹೇಳಿದ್ದರೆ ಸಹಿ ಸಿಗುತ್ತಿತ್ತು. ಕ್ರಿಸ್ಮಸ್‌ಗೆ ಹೇಳಿದ್ದರೂ ಸಿಗುತ್ತಿತ್ತು. ನಾನು ಅಳತೆ ಕಳಿಸಿದ ದಿನವೂ ಮನೆ ಅವರದೇ ಆಗಿತ್ತು.

ಸ್ಟೇಸಿ

*

ಮುಸಫ್ಫಾ
೭ ಮಾರ್ಚ್ ೨೦೨೫

ಸ್ಟೇಸಿ,

ಸ್ವಲ್ಪವೇ ಬರೆಯುತ್ತೇನೆ. ಉಪ್ಪನಿಗೆ ಮೊದಲು ಹೇಳಬೇಡ ಅಂದವಳು ನಾನು. ಅದು ನನ್ನ ತಪ್ಪು, ನಾನು ಅವರ ಎದುರು ಒಪ್ಪಿಕೊಳ್ಳುತ್ತೇನೆ.

ನಿನ್ನದನ್ನು ನಾನು ಹೇಳುವುದಿಲ್ಲ. ಅಣ್ಣನಿಗೆ ವಿಷಯ ತಿಳಿಸಿ, ಅವನೂ ಹೇಳಬಾರದು ಅಂದಿದ್ದೇನೆ. ಒಂದು ಸಲ ನಾನು ಸುಮ್ಮನಿದ್ದು ನಿನ್ನನ್ನು ಉಳಿಸಿದ್ದಕ್ಕೇ ಇಷ್ಟಾಯಿತು. ಉಪ್ಪ ಈಗ ಈದಿನ ಬಟ್ಟೆಯಲ್ಲಿ ಮುಳುಗಿದ್ದಾರೆ. ಉಪವಾಸದ ನೋಂಬು ತೆರೆಯುವ ಹೊತ್ತಿಗೆ ಖರ್ಜೂರ ಬಾಯಿಗೆ ಹಾಕಿಕೊಂಡೇ ಕತ್ತರಿ ಹಿಡಿಯುತ್ತಾರೆ. ಅಗೆಯುವ ಮಿಷನ್ ಏಪ್ರಿಲ್ ಏಳಕ್ಕೆ ಬರುತ್ತದೆ. ನೀನೇ ಬರಿ. ನಿನ್ನ ಕೈಯಲ್ಲೇ.

ನಾಫಿಯಾ

*

ದುಬೈ ಸಿಲಿಕಾನ್ ಓಯಸಿಸ್
೧೨ ಮಾರ್ಚ್ ೨೦೨೫

ಹಮೀದಾಕನವರಿಗೆ ಸ್ಟೇಸಿ ಮಾಡುವ ನಮಸ್ಕಾರ.

ನಿನ್ನೆ ಸತ್ವಾಕ್ಕೆ ಬಂದಿದ್ದೆ. ನಿಮ್ಮ ಅಂಗಡಿಯ ಎದುರಿನ ಬಸ್ ಸ್ಟಾಪಿನಲ್ಲಿ ಒಂದು ಗಂಟೆ ಕೂತಿದ್ದೆ. ನೀವು ಒಬ್ಬರ ತೋಳಿನ ಅಳತೆ ತೆಗೆಯುತ್ತಿದ್ದಿರಿ. ನಿಮ್ಮ ಹಿಂದೆ ಗೋಡೆಯಲ್ಲಿ ಪ್ಲಾಸ್ಟಿಕ್ ಕವರು ಕಾಣುತ್ತಿತ್ತು. ರಸ್ತೆ ದಾಟಲಿಕ್ಕೆ ಎರಡು ಸಲ ಎದ್ದೆ, ಎರಡು ಸಲವೂ ಕೂತೆ. ಆದ್ದರಿಂದ ಬರೆಯುತ್ತಿದ್ದೇನೆ.

ಆ ಕವರಿನಲ್ಲಿರುವ ಎನ್‌ಒಸಿಯನ್ನು ನನ್ನ ಅಜ್ಜಿ ಕೊಟ್ಟಿಲ್ಲ. ಅವರಿಗೆ ಗೊತ್ತೇ ಇರಲಿಲ್ಲ. ಟೈಪ್ ಮಾಡಿದವಳು ನಾನು, ಸಹಿ ಹಾಕಿದವಳು ನಾನು. ನಾಫಿಯಾಳಿಗೆ ನವೆಂಬರಿನವರೆಗೆ ಇದು ತಿಳಿದಿರಲಿಲ್ಲ. ನೀವು ಅದನ್ನು ನಂಬಿ ತೊಕ್ಕೊಟ್ಟಿನ ಜಾಗ ಕೊಟ್ಟುಬಿಟ್ಟಿರಿ ಎಂದು ನನಗೆ ಗೊತ್ತು.

ಕೌನ್ಸಿಲಿನ ಅನುಮತಿ ಇದ್ದರೂ ಅಲ್ಲಿ ಕಟ್ಟಲಾಗುವುದಿಲ್ಲ. ಕಟ್ಟಬಾರದು ಎಂಬ ಹಳೆಯ ಮಾತು ಆ ಜಾಗಕ್ಕೆ ಅಂಟಿಕೊಂಡಿದೆ. ನೀವು ಆ ಮಾತು ಕೊಟ್ಟವರಲ್ಲ, ಆದರೂ ನಿಮ್ಮನ್ನು ಕಟ್ಟುತ್ತದೆ. ಅದನ್ನು ಬಿಡಿಸಿಕೊಡಲು ಕಳೆದ ತಿಂಗಳವರೆಗೆ ನನ್ನ ಅಜ್ಜಿಗೆ ಸಾಧ್ಯವಿತ್ತು. ಕೇಳಿದ್ದರೆ ಬಿಡಿಸಿಕೊಡುತ್ತಿದ್ದರು. ನಾನು ಕೇಳಲಿಲ್ಲ. ಈಗ ಮನೆ ಬೇರೆಯವರದು. ಸಮುದ್ರ ಕಾಣುತ್ತದೆ ಎಂದೇ ಅವರು ಕೊಂಡಿದ್ದಾರೆ. ಅವರು ಒಪ್ಪಬಹುದು, ಒಪ್ಪದೆಯೂ ಇರಬಹುದು. ಹಳೆಯ ಷರತ್ತನ್ನು ತೆಗೆಸಲು ಅಲ್ಲಿ ಒಂದು ನ್ಯಾಯಮಂಡಳಿ ಇದೆ. ಅದು ನಿಧಾನ, ಗೆಲ್ಲುತ್ತೀರಿ ಎಂದು ಹೇಳಲು ನನಗೆ ಧೈರ್ಯವಿಲ್ಲ. ಎರಡರಲ್ಲಿ ಯಾವುದಕ್ಕೆ ಹೋದರೂ ಮೊದಲು ವಕೀಲರಿಗೆ ಎನ್‌ಒಸಿ ಸುಳ್ಳು ಎಂದು ಹೇಳಬೇಕು. ಅದಕ್ಕೆ ಸಾಕ್ಷಿ ಈ ಕಾಗದ. ಯಾರಿಗೆ ಬೇಕಾದರೂ ತೋರಿಸಿ, ನನ್ನ ಯೂನಿವರ್ಸಿಟಿಗೂ, ಪೊಲೀಸರಿಗೂ.

ಕೋಟು ಅಜ್ಜಿಗೆ ಸರಿಯಾಗಿ ಕೂತಿದೆಯಂತೆ. ಇಷ್ಟು ಸರಿಯಾಗಿ ಕೂತ ಬಟ್ಟೆ ಅವರ ಆಯುಷ್ಯದಲ್ಲೇ ಸಿಕ್ಕಿರಲಿಲ್ಲವಂತೆ. ಇದನ್ನು ನಿಮಗೆ ಹೇಳದೆ ಇರಲು ನನಗೆ ಅಧಿಕಾರವಿಲ್ಲ.

ಹಾಸ್ಟೆಲಿನ ಚೀಟಿಯನ್ನು ತೋರಿಸಿ ಮೆಟಿಲ್ಡಾ ಬಾಯಿ ಕೇಳಿದಾಗ ನೀವು ಆ ಸಹಿ ನಿಮ್ಮದು ಅಂದಿರಿ. ಹಮೀದಾಕ, ಈ ಸಲ ಹಾಗೆ ಮಾಡಬೇಡಿ. ನನ್ನನ್ನು ಉಳಿಸಲು, ಗೊತ್ತಿದ್ದೂ ಸುಮ್ಮನಿದ್ದೆ ಎಂದು ಯಾರ ಎದುರೂ ಹೇಳಬೇಡಿ. ಯಾರು ಕೇಳಿದರೂ ನನ್ನ ಹೆಸರು ಹೇಳಿ.

ಏಪ್ರಿಲ್ ಏಳಕ್ಕೆ ಮಿಷನ್ ಬರುವುದನ್ನು ನಿಲ್ಲಿಸಲು ರಾಝಿಕ್ ಅಣ್ಣನಿಗೆ ಇವತ್ತೇ ಹೇಳಿ. ಕೆಳಗಿನ ಸಹಿ ನನ್ನದು. ಪೆನ್ನು ಎತ್ತಿರುವುದು ನಿಮಗೆ ಕಾಣುತ್ತದೆ.

ನಿಲ್ಲಿಸಿದ್ದೀರಿ ಎಂದು ಒಂದು ಸಾಲು ಸಾಕು. ದಯವಿಟ್ಟು ಬೇಗ ಉತ್ತರ ಬರೆಯಿರಿ.

ಸ್ಟೇಸಿ